ನೆಲದಡಿಯ ನೀರು: ಬೀದರ್‌ನಿಂದ ಪೆರುವಿಗೆ

ಕೊಳಾರದ ಕೈಗಾರಿಕಾ ಪ್ರದೇಶಕ್ಕೆ ಕೆಲಸಕ್ಕೆಂದು ಬಂದು ಬೀದರಿನವರೇ ಆಗಿಹೋದ ನಮ್ಮಲ್ಲಿ ಹಲವರಿಗೆ ಊರ ಚರಿತ್ರೆಯೆಂದರೆ ಕೋಟೆ, ಗವಾನನ ಮದರಸಾ, ಬಿದರಿ ಹೂಜಿ. ಈ ಸಲ ನೆಲದಡಿಗೆ ಇಳಿಯೋಣ. ಜೊತೆಗೆ ದಕ್ಷಿಣ ಅಮೆರಿಕದ ಪೆರು ದೇಶವೂ ಇರಲಿ. ದೂರದ್ದಾದರೂ ಅದರ ಕಥೆ ಬೀದರಿನವರಿಗೆ ಬೇಗ ಹತ್ತುತ್ತದೆ.

ಅಹಮದ್ ಶಾ ಬಹಮನಿ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದದ್ದು 15ನೇ ಶತಮಾನದ ಮೊದಲರ್ಧದಲ್ಲಿ. ಅದೇ ಸುಮಾರಿಗೆ, 1438ರಲ್ಲಿ ಪಟ್ಟವೇರಿದನೆನ್ನಲಾದ ಪಚಕುತಿ ಕುಸ್ಕೊ ನಗರವನ್ನು ಇಂಕಾ ಸಾಮ್ರಾಜ್ಯದ ಗದ್ದುಗೆಯಾಗಿ ಬೆಳೆಸಿದ. 1472ರಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ 1481ರಲ್ಲಿ ತನ್ನ ಸುಲ್ತಾನನ ಆಜ್ಞೆಗೇ ಬಲಿಯಾದ. ಇಂಕಾ ಅರಸ ಅತಾಹುವಾಲ್ಪನನ್ನು ಸ್ಪೇನಿನ ದಂಡಿನ ನಾಯಕ ಪಿಸಾರೊ 1532ರಲ್ಲಿ ಸೆರೆಹಿಡಿದು, ಕೋಣೆ ತುಂಬ ಚಿನ್ನ ಸುಲಿದುಕೊಂಡೂ ಮರುವರ್ಷ ಕೊಲ್ಲಿಸಿದ. ಪೆರು ಸ್ವಾತಂತ್ರ್ಯ ಸಾರಿದ್ದು 1821ರಲ್ಲಿ. ಬೆಟ್ಟದವರ ಮನೆಮಾತು ಕೆಚುವಾ ಅಧಿಕೃತ ಭಾಷೆಯಾಗಲು 1975 ಬರಬೇಕಾಯಿತು. ನಿಜಾಮರ ಉರ್ದು ಕಚೇರಿಗಳನ್ನು ಕಂಡು, 1956ರಲ್ಲಿ ಕನ್ನಡ ರಾಜ್ಯ ಸೇರಿದ ಇಲ್ಲಿನ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಊಟದ ನಂಟು ಬೇರೆ ಇದೆ. ಮೆಣಸಿನಕಾಯಿ, ಶೇಂಗಾ, ಆಲೂಗಡ್ಡೆ ಮೂರೂ ಅಮೆರಿಕ ಖಂಡದಿಂದ ಬಂದವು. ಆಲೂಗಡ್ಡೆಯ ತವರಂತೂ ಪೆರುವಿನ ಕಡೆಯ ಆಂಡಿಸ್ ಬೆಟ್ಟಸಾಲು. 1470ರ ಸುಮಾರಿಗೆ ಬೀದರಿಗೆ ಬಂದ ರಷ್ಯಾದ ವರ್ತಕ ನಿಕಿತಿನ್‌ಗೆ ಶೇಂಗಾ ಹಿಂಡಿಯ ರುಚಿ ಸಿಕ್ಕಿರಲಾರದು, ಪಾಪ!

ಅರಸರಿಗಿಂತ ನನಗೆ ರುಚಿಸುವುದು ನೀರಿನ ಕಥೆ. ಬೀದರ್ ಕೂತಿರುವುದು ಕೆಂಪು ಜಂಬಿಟ್ಟಿಗೆಯ ಎತ್ತರದ ಮೇಲೆ, ಅದರಡಿ ಗಟ್ಟಿ ಕಪ್ಪು ಶಿಲೆ. ಮಳೆನೀರು ಜಂಬಿಟ್ಟಿಗೆಯಲ್ಲಿ ಇಂಗಿ ಶಿಲೆಯ ಮೇಲೆ ತಡೆದು ನಿಲ್ಲುತ್ತದೆ. ಬಹಮನಿ ಕಾಲದವರು ಪರ್ಷಿಯಾದ ವಿದ್ಯೆ ಬಳಸಿ ಆ ಒರತೆಗೆ ಸುರಂಗ ಕೊರೆದರು; ಅದೇ ಕರೇಜ್. ಇಳಿಜಾರು ತೀರ ಅಲ್ಪ. ಹೆಚ್ಚಾದರೆ ನೀರು ಗೋಡೆ ಕೊರೆಯುತ್ತದೆ, ಕಡಿಮೆಯಾದರೆ ಹೂಳು ಕೂರುತ್ತದೆ. ಮೇಲಿನಿಂದ ಸಾಲಾಗಿ ಇಳಿದ ಬಾವಿಗಳಿಂದ ತೋಡುವಾಗ ಮಣ್ಣೆತ್ತಿದರು. ಆಮೇಲೆ ಅವೇ ಗಾಳಿಗೂ ಹೂಳೆತ್ತಲಿಕ್ಕೂ ಒದಗಿದವು. ಏತವಿಲ್ಲದೆ ನೀರು ತಾನಾಗಿ ಹರಿಯಿತು.

ಪೆರುವಿನ ನಾಸ್ಕಾ ಮರುಭೂಮಿಯಲ್ಲೂ ಇಂಥವಿವೆ, ಹೆಸರು ಪುಕಿಯೊ. ಕಲ್ಲು ಕಟ್ಟಿದ ಸುರುಳಿ ದಾರಿಯಲ್ಲಿ ನೀರಿನವರೆಗೂ ನಡೆದೇ ಇಳಿಯಬಹುದು. ಅವುಗಳ ವಯಸ್ಸಿನ ಬಗ್ಗೆ ವಿದ್ವಾಂಸರ ಜಗಳ ಮುಗಿದಿಲ್ಲ. ರೈತರಿಗೆ ಆ ಗೊಡವೆಯಿಲ್ಲ. ಹೂಳು ತೆಗೆಯುತ್ತ ಇಂದಿಗೂ ಹೊಲಕ್ಕೆ ಹಾಯಿಸುತ್ತಾರೆ. ನಾವು ನಮ್ಮ ಬಾವಿಗಳಿಗೆ ಕಸ ಸುರಿದೆವು. ನೌಬಾದಿನ ಕರೇಜ್‌ನ ಹೂಳಿಗೆ ಕೈಹಾಕಿದ್ದು ಕಳೆದ ದಶಕದಲ್ಲಷ್ಟೇ. ಅತ್ತ ಹೋದಾಗ ಬಾವಿಯೊಳಗೆ ಇಣುಕಿ ನೋಡಿ. ಮಕ್ಕಳಿದ್ದರೆ ಕೈ ಬಿಡಬೇಡಿ, ಆಳ ಬಹಳ.