ಕಳೆಯುವ ವಿದ್ಯೆ: ಲಿನಕ್ಸ್ ಕರ್ನಲ್ಲಿನಲ್ಲಿ ಫೈಲ್ ಗೂಢಲಿಪೀಕರಣದ ಬೆಳವಣಿಗೆ

ಗೂಢಲಿಪೀಕರಣದ ಚರಿತ್ರೆಯನ್ನು ಬರೆಯಹೊರಟವರು ಬಹುಮಟ್ಟಿಗೆ ಹೊಸ ಸೈಫರುಗಳ ನಾಮಾವಳಿಯನ್ನೂ, ಕೀಲಿಗಳ ಉದ್ದವನ್ನೂ, ವೇಗದ ಅಂಕಿಗಳನ್ನೂ ಒಪ್ಪವಾಗಿ ಜೋಡಿಸಿಟ್ಟು, ಅಲ್ಲಿಗೆ ತಮ್ಮ ಕಾರ್ಯ ಮುಗಿಯಿತೆಂದು ಭಾವಿಸುತ್ತಾರೆ. ಆ ಸೈಫರನ್ನು ಫೈಲಿನೊಡನೆ ಬೆಸೆಯುವ ಕೋಡು ಕರ್ನಲ್ಲಿನೊಳಗೆ ಹೇಗಿತ್ತು, ಅದರಲ್ಲಿ ಯಾವ ಭಾಗ ಅನಾವಶ್ಯಕವೆಂದು ಕಂಡುಬಂದು ತೆಗೆಯಲ್ಪಟ್ಟಿತು, ತೆಗೆದುದರಿಂದ ಯಾವ ದೋಷಗಳು ನಿರ್ಮೂಲವಾದುವು ಎಂಬುದೆಲ್ಲ ‘ಕೋಡಿನ ಸ್ವಚ್ಛತೆ’ ಎಂಬ ಒಂದೇ ಮಾತಿನಲ್ಲಿ ಮುಚ್ಚಿಹೋಗುತ್ತದೆ. ಬಹುಕಾಲದಿಂದ ಈ ಕೋಡನ್ನು ಓದುತ್ತ, ಅದರ ನಡುವೆಯೇ ಉದ್ಯೋಗ ಮಾಡುತ್ತ ಬಂದಿರುವ ನನಗೆ ಈ ಉಪೇಕ್ಷೆ ಅನ್ಯಾಯವೆಂದು ತೋರುತ್ತದೆ. ಲಿನಕ್ಸ್ ಈ ಕ್ಷೇತ್ರದಲ್ಲಿ ಸಾಧಿಸಿದ ಪ್ರಗತಿಯ ಬಹುಭಾಗ ಕಳೆಯುವುದರಿಂದಲೇ ಲಭಿಸಿತೆಂಬುದು ನನ್ನ ದೃಢವಾದ ಅಭಿಪ್ರಾಯ.

ಆರಂಭದ ದಶೆಯನ್ನು ಸಂಕ್ಷೇಪವಾಗಿ ಹೇಳಿಬಿಡಬಹುದು. 1993ರಲ್ಲಿ ಬೆಲ್ ಲ್ಯಾಬ್ಸ್‌ನ ಮ್ಯಾಟ್ ಬ್ಲೇಜ್ ಯುನಿಕ್ಸಿಗಾಗಿ ಸಿಎಫ್‌ಎಸ್ ಎಂಬುದನ್ನು ರಚಿಸಿದರು. ಅದು ಕರ್ನಲ್ಲಿನ ಹೊರಗಿದ್ದುಕೊಂಡೇ ಎನ್‌ಎಫ್‌ಎಸ್ ಸರ್ವರಿನಂತೆ ವರ್ತಿಸುತ್ತಿತ್ತು. ವಿಂಡೋಸ್ 2000 ತನ್ನ ಫೈಲ್‌ಸಿಸ್ಟಂನಲ್ಲಿಯೇ ಈ ಸೌಕರ್ಯವನ್ನು ಒದಗಿಸಿತು. ಲಿನಕ್ಸಿನಲ್ಲಿ ಕ್ರಿಪ್ಟೋಲೂಪ್ ಎಂಬ ದುರ್ಬಲ ಪ್ರಯತ್ನದ ತರುವಾಯ 2004ರಲ್ಲಿ ಡಿಎಂ-ಕ್ರಿಪ್ಟ್ ಬಂದು, ಇಡೀ ಡಿಸ್ಕನ್ನು ಮುಚ್ಚುವ ಸಮಸ್ಯೆಗೆ ಇಂದಿಗೂ ನಿಲ್ಲುವಂತಹ ಉತ್ತರವನ್ನು ಕೊಟ್ಟಿತು. ಆದರೆ ಡಿಸ್ಕಿಗೆಲ್ಲ ಒಂದೇ ಕೀಲಿ ಇರುವಲ್ಲಿ ಬಳಕೆದಾರರ ನಡುವೆ ಭೇದವಿರುವುದಿಲ್ಲ; ಫೋನು ಪುನಃ ಆರಂಭವಾದಾಗ ಒಡೆಯನು ಗುಪ್ತಪದ ಕೊಡುವವರೆಗೆ ಅಲಾರಂ ಸಹ ಬಾರಿಸಲಾರದು.

2006ರಲ್ಲಿ ಐಬಿಎಂನ ಮೈಕೇಲ್ ಹಾಲ್‌ಕ್ರೋ ಅವರ ಇಕ್ರಿಪ್ಟ್‌ಎಫ್‌ಎಸ್ ಕರ್ನಲ್ಲಿಗೆ ಸೇರಿತು. ಇದು ಬೇರೊಂದು ಫೈಲ್‌ಸಿಸ್ಟಂನ ಮೇಲೆ ಪದರವಾಗಿ ಕೂರುವ ವಿಧಾನ. ಕೆಳಗಿನದನ್ನು ಮುಟ್ಟಬೇಕಾಗಿಲ್ಲವೆಂಬ ಆಕರ್ಷಣೆ ಅದಕ್ಕಿತ್ತು. ಆದರೆ ಅದರ ಬೆಲೆಯೂ ದೊಡ್ಡದು. ಒಂದೇ ಫೈಲಿನ ಪುಟಗಳು ಗೂಢರೂಪದಲ್ಲೊಮ್ಮೆ, ಪ್ರಕಟರೂಪದಲ್ಲೊಮ್ಮೆ ಮೆಮೊರಿಯನ್ನು ಆಕ್ರಮಿಸುತ್ತಿದ್ದುವು. 255 ಅಕ್ಷರಗಳವರೆಗೆ ಇರಬಹುದಾಗಿದ್ದ ಫೈಲಿನ ಹೆಸರು ಸುಮಾರು 143ಕ್ಕೆ ಇಳಿಯಿತು. ಪದರದ ಮೇಲೆ ಪದರವನ್ನು ಹೊದಿಸುವುದನ್ನೇ ಸರಳತೆಯೆಂದು ಬಗೆಯುವವರು ಈ ಅಧ್ಯಾಯವನ್ನು ಗಮನವಿಟ್ಟು ಓದಬೇಕು.

ನಿಜವಾದ ಕಥೆ ಆರಂಭವಾಗುವುದು 2015ರಲ್ಲಿ. ಹಾಲ್‌ಕ್ರೋ ಮತ್ತು ಟೆಡ್ ತ್ಸೋ ಅವರ ಶ್ರಮದಿಂದ ಕರ್ನಲ್ಲಿನ 4.1ನೆಯ ಆವೃತ್ತಿಯಲ್ಲಿ ಎಕ್ಸ್ಟ್4 ಎಂಬ ಫೈಲ್‌ಸಿಸ್ಟಂ ತಾನೇ ಗೂಢಲಿಪೀಕರಣ ಮಾಡತೊಡಗಿತು. ಮರು ಆವೃತ್ತಿಯಲ್ಲಿಯೇ ಎಫ್2ಎಫ್‌ಎಸ್ ಎಂಬ ಮತ್ತೊಂದು ಫೈಲ್‌ಸಿಸ್ಟಂ ಅದೇ ಮಾರ್ಗವನ್ನು ಹಿಡಿಯಿತು. ಹೀಗೆ ಒಂದೇ ತೆರನಾದ ಕೋಡು ಎರಡು ಮನೆಗಳಲ್ಲಿ ಬೆಳೆಯಲಾಗಿ, 2016ರಲ್ಲಿ ಅದನ್ನು ಎಫ್‌ಎಸ್‌ಕ್ರಿಪ್ಟ್ ಎಂಬ ಸಾಮಾನ್ಯ ಭಂಡಾರವಾಗಿ ಒಗ್ಗೂಡಿಸಲಾಯಿತು. ಅದೇ ವರ್ಷದ ಆಂಡ್ರಾಯ್ಡ್ 7 ಈ ಆಧಾರದ ಮೇಲೆ ಫೈಲುವಾರು ರಕ್ಷಣೆಯನ್ನು ನೀಡಿತು. ಆದುದರಿಂದ ಕೋಟ್ಯಂತರ ಜನರ ಚಿತ್ರಗಳನ್ನೂ ಪತ್ರಗಳನ್ನೂ ಕಾಯುತ್ತಿರುವುದು ಈ ಕೋಡೇ. ಒಗ್ಗೂಡಿಕೆ ಮಾತ್ರ ಅರ್ಧದಲ್ಲಿಯೇ ನಿಂತಿತ್ತು: ಪ್ರತಿಯೊಂದು ಫೈಲ್‌ಸಿಸ್ಟಂಗೂ ಬೇರೆ ಬೇರೆ ಸಂರಚನಾ ಆಯ್ಕೆಗಳಿದ್ದು, ಅವುಗಳಿಗೆ ಹೊಂದಿಕೊಳ್ಳಲು ಹೆಡರ್ ಫೈಲುಗಳಲ್ಲಿ ತೊಡಕಿನ ತಂತ್ರಗಳನ್ನು ಹೂಡಬೇಕಾಗಿತ್ತು. 2019ರ 5.1ನೆಯ ಆವೃತ್ತಿಯಲ್ಲಿ ಇವೆಲ್ಲವನ್ನೂ ಅಳಿಸಿ ಒಂದೇ ಆಯ್ಕೆಯನ್ನು ಉಳಿಸಿದುದು ಅಲ್ಪವೆನಿಸಿದರೂ ಮಾರ್ಗದರ್ಶಿಯಾದ ಕೆಲಸ.

ಅದೇ ವರ್ಷ 5.4ರಲ್ಲಿ ಎರಿಕ್ ಬಿಗರ್ಸ್ ತಂದ, ಕೀಲಿಗಳನ್ನು ಪಡೆಯುವ ಕ್ರಮವನ್ನು ಗೊತ್ತುಪಡಿಸುವ ಎರಡನೆಯ ನೀತಿಯನ್ನು ಈ ಕ್ಷೇತ್ರದ ಸಂಧಿಕಾಲವೆಂದು ನಾನು ಎಣಿಸುತ್ತೇನೆ. ಮೊದಲ ನೀತಿಯಲ್ಲಿ ಫೈಲಿನ ಕೀಲಿಯನ್ನು ಪಡೆಯುವ ಕ್ರಮ ಹೀಗಿತ್ತು: ಪ್ರತಿ ಫೈಲಿಗೂ 16 ಬೈಟಿನ ಒಂದು ಯಾದೃಚ್ಛಿಕ ಸಂಖ್ಯೆ ಇರುವುದು, ಅದನ್ನೇ ಎಇಎಸ್ ಕೀಲಿಯನ್ನಾಗಿ ಮಾಡಿಕೊಂಡು ಮೂಲಕೀಲಿಯನ್ನು ಗೂಢಲಿಪಿಗೆ ತಿರುಗಿಸಿದರೆ ಫೈಲಿನ ಕೀಲಿ ದೊರೆಯುವುದು. ಆ ಸಂಖ್ಯೆಯಾದರೋ ರಹಸ್ಯವಲ್ಲ, ಡಿಸ್ಕಿನ ಮೇಲೆಯೇ ಇರುತ್ತದೆ. ಹೀಗಿರಲು ಒಂದೇ ಒಂದು ಫೈಲಿನ ಕೀಲಿ ಶತ್ರುವಿನ ಕೈಗೆ ಸಿಕ್ಕಿದರೂ ಲೆಕ್ಕವನ್ನು ಹಿಂದುಮುಂದಾಗಿ ಮಾಡಿ ಮೂಲಕೀಲಿಯನ್ನೇ ಹೊರತೆಗೆಯಬಹುದು. ಎರಡನೆಯ ನೀತಿ ಇದರ ಬದಲು ಹಿಂತಿರುಗಿಸಲಾಗದ ಎಚ್‌ಕೆಡಿಎಫ್ ವಿಧಾನವನ್ನು ಸ್ವೀಕರಿಸಿತು. ಮೂಲಕೀಲಿ ಆಯಾ ಪ್ರೋಸೆಸ್ಸಿನ ಕೀಲಿಗೊಂಚಲಿನಲ್ಲಿದ್ದಾಗ, ಒಬ್ಬನಿಗೆ ತೆರೆದ ಫೈಲು ಮತ್ತೊಬ್ಬನಿಗೆ ಒಮ್ಮೆ ತೆರೆದು ಇನ್ನೊಮ್ಮೆ ಮುಚ್ಚಿರುತ್ತಿದ್ದ ಅಸಂಗತಿಯೂ ಉಂಟಾಗುತ್ತಿತ್ತು. ಕೀಲಿಯನ್ನು ಫೈಲ್‌ಸಿಸ್ಟಂಗೇ ಜೋಡಿಸಿದೊಡನೆ ಅದೂ ಪರಿಹಾರವಾಯಿತು.

ಬರಹದ ಮಾರ್ಗವನ್ನು ಸಮೀಪದಿಂದ ನೋಡಿದರೆ ತೊಡಕಿನ ಸ್ವರೂಪ ತಿಳಿಯುತ್ತದೆ. ಮೆಮೊರಿಯಲ್ಲಿರುವ ಪುಟವನ್ನು ಪ್ರಕಟರೂಪದಲ್ಲಿಯೇ ಉಳಿಸಿಕೊಳ್ಳಬೇಕಾದುದರಿಂದ, ಡಿಸ್ಕಿಗೆ ಕಳುಹಿಸುವ ಮುನ್ನ ಮತ್ತೊಂದು ತಾತ್ಕಾಲಿಕ ಪುಟವನ್ನು ಪಡೆದು, ಗೂಢಲಿಪಿಯನ್ನು ಅದರಲ್ಲಿ ಬರೆದು, ಕಾರ್ಯ ಮುಗಿದ ಮೇಲೆ ಅದನ್ನು ಹಿಂತಿರುಗಿಸಬೇಕು. ಈ ಲೆಕ್ಕವನ್ನಿಡಲೆಂದೇ ಒಂದು ಪ್ರತ್ಯೇಕ ರಚನೆ ಇದ್ದು, ಅದು ಕ್ರಮೇಣ ಸಣ್ಣದಾಗಿ ಕಡೆಗೆ ಇಲ್ಲವಾಯಿತು. 2020ರ 5.9ನೆಯ ಆವೃತ್ತಿಯಲ್ಲಿ ಎಫ್‌ಎಸ್‌ಕ್ರಿಪ್ಟ್ ಬ್ಲಾಕ್ ಪದರದ ಮಾರ್ಗವನ್ನೂ ಹಿಡಿಯಿತು: ಕೀಲಿಯನ್ನೂ ದತ್ತಾಂಶದ ಕ್ರಮಸಂಖ್ಯೆಯನ್ನೂ ಕೋರಿಕೆಯ ಜೊತೆಯಲ್ಲಿಯೇ ಕಳುಹಿಸಿದರೆ, ಸ್ಟೋರೇಜಿನ ಹಾದಿಯಲ್ಲಿ ಕುಳಿತ ಯಂತ್ರಾಂಶವೇ ಮಿಕ್ಕುದನ್ನು ನೆರವೇರಿಸುವುದು, ಆಗ ತಾತ್ಕಾಲಿಕ ಪುಟದ ಗೊಡವೆಯೇ ಇಲ್ಲ.

2025ರ 6.17ನೆಯ ಆವೃತ್ತಿ ಇನ್ನೊಂದು ಭ್ರಮೆಯನ್ನು ಹರಿದುಹಾಕಿತು. ಗೂಢಲಿಪೀಕರಣಕ್ಕೆಂದು ಪ್ರತ್ಯೇಕವಾದ ಯಂತ್ರಾಂಶವಿದ್ದರೆ ವೇಗ ತಾನಾಗಿಯೇ ಬರುವುದೆಂಬ ನಂಬಿಕೆಯಿಂದ, ಸ್ಟೋರೇಜಿನ ಹಾದಿಯ ಹೊರಗೆ ನಿಂತ ಅಂಥ ಎಂಜಿನ್ನುಗಳಿಗೂ ಕೋಡಿನಲ್ಲಿ ಎಡೆಯಿತ್ತು. ಚಿಕ್ಕ ತುಂಡೊಂದನ್ನು ಅವುಗಳಿಗೆ ಒಪ್ಪಿಸಿ, ಉತ್ತರ ಬರುವವರೆಗೆ ಕಾದು, ಅನಂತರ ಮುಂದಿನದನ್ನು ಒಪ್ಪಿಸುವುದು ಗದ್ದೆಯ ಪಕ್ಕದಲ್ಲಿಯೇ ಬಾವಿಯಿರಲು ಊರಾಚೆಯ ಕೆರೆಯಿಂದ ಕೊಡದಲ್ಲಿ ನೀರು ಹೊತ್ತಂತೆ. ಅಳೆದು ನೋಡಿದಾಗ ಸಾಮಾನ್ಯ ಪ್ರೊಸೆಸರಿನ ಸೂಚನೆಗಳೇ ಬಹಳ ಮುಂದೆ ಇದ್ದುವು. ಆ ಡ್ರೈವರುಗಳಲ್ಲಿ ದೋಷಗಳೂ ಹೇರಳವಾಗಿದ್ದುವು. ಆ ಬೆಂಬಲವನ್ನು ತೆಗೆದುಹಾಕಲಾಗಿ, ಪ್ರತಿ ಕೋರಿಕೆಗೂ ಹೀಪಿನಿಂದ ಮೆಮೊರಿ ಬೇಡುವುದು ತಪ್ಪಿ, ಸ್ಟ್ಯಾಕಿನಲ್ಲಿಯೇ ಕೆಲಸ ಸಾಗಿತು; ವೇಗ ಹೆಚ್ಚಿತು, ವಿಫಲವಾಗಬಹುದಾದ ಒಂದು ಸ್ಥಾನವೂ ಕಡಿಮೆಯಾಯಿತು. ಮುಂದಿನ 6.18ರಲ್ಲಿ, ಎಚ್‌ಕೆಡಿಎಫ್‌ಗೆ ಆಧಾರವಾದ ಎಚ್‌ಎಂಎಸಿ ಗಣನೆಗಾಗಿ ಹೆಸರಿನಿಂದ ಅಲ್ಗಾರಿದಮ್ಮನ್ನು ಹುಡುಕಿ ತರುವ ಪರಿಪಾಟವನ್ನು ಬಿಟ್ಟು, ಲೈಬ್ರರಿಯ ಫಂಕ್ಷನ್ನನ್ನು ನೇರವಾಗಿ ಕರೆಯುವ ಪದ್ಧತಿ ಬಂದಿತು. ಕರ್ನಲ್ಲಿನ ಗೂಢಲಿಪಿ ವ್ಯವಸ್ಥೆಗೆ ಇಷ್ಟು ಹಿತವಾದ ಚಿಂತನೆ ಇತ್ತೀಚಿನ ವರ್ಷಗಳಲ್ಲಿ ಮತ್ತೊಂದಿಲ್ಲ.

ಉಳಿದ ಕೆಲಸವೂ ಸ್ವಲ್ಪವಲ್ಲ. ಮೊದಲ ನೀತಿಯನ್ನು ಬಳಸಿದ ಹಳೆಯ ಫೈಲುಗಳಿರುವವರೆಗೆ ಅದರ ಕೋಡನ್ನು ಹೊತ್ತೇ ನಡೆಯಬೇಕು. ಫೈಲ್‌ಸಿಸ್ಟಂ ಪದರದ ಹಳೆಯ ಮಾರ್ಗ, ಬ್ಲಾಕ್ ಪದರದ ಹೊಸ ಮಾರ್ಗ ಎಂದು ಎರಡು ಜೊತೆಯಾಗಿ ಬೆಳೆದುವು. ಯಂತ್ರಾಂಶವಿಲ್ಲದ ಎಡೆಯಲ್ಲಿ ಅದೇ ಕಾರ್ಯವನ್ನು ಮಾಡಬಲ್ಲ ತಂತ್ರಾಂಶ ಬ್ಲಾಕ್ ಪದರದಲ್ಲಿಯೇ 2020ರಿಂದ ಇರುವಾಗ, ಡಿಸ್ಕಿನ ಮೇಲೆ ನಿಂತ ಫೈಲ್‌ಸಿಸ್ಟಂಗಳಿಗೆ ಎರಡು ದಾರಿಗಳೇಕೆ ಎಂಬ ಪ್ರಶ್ನೆಗೆ ನನಗೆ ತೃಪ್ತಿಕರವಾದ ಸಮಾಧಾನ ಕಾಣದು. ಬಿಟಿಆರ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಂಗಾಗಿ ರಚಿತವಾದ ಗೂಢಲಿಪೀಕರಣದ ತಿದ್ದುಪಡಿಗಳು ವರ್ಷಗಟ್ಟಲೆ ಹೊಸ್ತಿಲಲ್ಲಿಯೇ ನಿಂತುವು. ಫೈಲಿನ ಒಳಗನ್ನು ಯಾರಾದರೂ ತಿದ್ದಿದರೆಂಬುದನ್ನು ಪತ್ತೆಹಚ್ಚುವ ಶಕ್ತಿ ಈ ಗೂಢಲಿಪೀಕರಣಕ್ಕಿಲ್ಲ. ಗಾತ್ರ, ಕಾಲ ಮೊದಲಾದ ವಿವರಗಳು ಬಯಲಾಗಿಯೇ ಇರುತ್ತವೆ. ಇಂಥ ಗುಣಗಳನ್ನು ಸೇರಿಸಬೇಕೆಂಬ ಒತ್ತಾಯ ನ್ಯಾಯವಾದುದೇ. ಆದರೆ ತಳಹದಿಯಲ್ಲಿ ಎರಡೆರಡು ಮಾರ್ಗಗಳನ್ನಿಟ್ಟುಕೊಂಡು ಅದರ ಮೇಲೆ ಕಟ್ಟಿದುದೆಲ್ಲವನ್ನೂ ಎರಡೆರಡು ಬಾರಿ ಪರೀಕ್ಷಿಸಬೇಕಾಗುತ್ತದೆ, ಆ ಪರೀಕ್ಷೆಗೆ ಜನ ಸದಾ ಕಡಿಮೆಯೇ. ಆದಕಾರಣ ಈ ಕ್ಷೇತ್ರಕ್ಕೆ ಬರುವ ತರುಣರು ಹೊಸ ಸೈಫರಿಗಿಂತ ಮೊದಲು ಹಳೆಯ ಕೋಡಿನ ಯಾವ ಭಾಗವನ್ನು ನಿರ್ಭಯವಾಗಿ ತೆಗೆಯಬಹುದೆಂಬುದನ್ನು ಅಭ್ಯಾಸ ಮಾಡಲಿ. ಅವರ ಶ್ರಮವನ್ನು ಅಳೆಯುವ ಹಿರಿಯರು ತೆಗೆದ ಸಾಲುಗಳಿಗೂ ಬರೆದ ಸಾಲುಗಳಷ್ಟೇ ಗೌರವವನ್ನು ಸಲ್ಲಿಸಲಿ.