ಬಸುರಿಯ ಕಪ್ಪು: ಕೆಫೀನಿನ ಪುರಾವೆ ಮತ್ತು ದೋಹಾದ ಕರಕ್

ಗರ್ಭಿಣಿಯರಿಗೆ ಕೆಫೀನಿನ ಸುರಕ್ಷಿತ ಮಟ್ಟವೆಂಬುದೇ ಇಲ್ಲ ಎಂದು ಸಂಶೋಧಕ ಜ್ಯಾಕ್ ಜೇಮ್ಸ್ 2020ರಲ್ಲಿ ವಾದಿಸಿದರು. ಅಮೆರಿಕದ ಪ್ರಸೂತಿ ತಜ್ಞರ ಸಂಘವೂ (2010) ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವೂ (2015) ಒಪ್ಪಿದ ದಿನಕ್ಕೆ 200 ಮಿಲಿಗ್ರಾಂ ಮಿತಿ ಅವರಿಗೆ ಸಮ್ಮತವಲ್ಲ. ಕೆಫೀನು ಮಾಸನ್ನು ದಾಟಿ ಭ್ರೂಣಕ್ಕೆ ತಲುಪುತ್ತದೆ, ದಿನ ತುಂಬುತ್ತ ಬಂದಂತೆ ತಾಯಿಯ ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಇಷ್ಟಕ್ಕೆ ಯಾರದೂ ತಕರಾರಿಲ್ಲ.

ತಕರಾರಿರುವುದು ಸಾಕ್ಷ್ಯದ ಬುಡದಲ್ಲಿ. ಜೇಮ್ಸ್ ನೆಚ್ಚಿದ್ದು ವೀಕ್ಷಣಾ ಅಧ್ಯಯನಗಳನ್ನು. ಗರ್ಭ ಚೆನ್ನಾಗಿ ನಿಂತಾಗ ವಾಕರಿಕೆ ಹೆಚ್ಚು. ವಾಕರಿಕೆ ಬಂದವಳಿಗೆ ಡಿಕಾಕ್ಷನ್ನಿನ ವಾಸನೆಯೇ ಬೇಡ. ಹಾಗಾದರೆ ಕಾಫಿ ಬಿಡದೆ ಕುಡಿದವಳಿಗೆ ಗರ್ಭಪಾತವಾದಾಗ ದೋಷ ಕಾಫಿಯದೋ, ಮೊದಲೇ ಸೊರಗಿದ್ದ ಗರ್ಭದ್ದೋ? ಸ್ಟೈನ್ ಮತ್ತು ಸಸರ್ 1991ರಲ್ಲೇ ಎತ್ತಿದ ಈ ಪ್ರಶ್ನೆಗೆ ಜೇಮ್ಸ್ ಕೊಡುವ ಸಮಾಧಾನ ನನಗೆ ಸಾಲದು. ಡೆನ್ಮಾರ್ಕಿನಲ್ಲಿ ಬೆಕ್ ಮತ್ತು ಸಂಗಡಿಗರು (2007) ದಿನಕ್ಕೆ 3 ಕಪ್ಪಾದರೂ ಕುಡಿಯುವ 1,207 ಗರ್ಭಿಣಿಯರನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಕೆಫೀನು ತೆಗೆದ ಕಾಫಿ ಕೊಟ್ಟರು. ಕೂಸುಗಳ ತೂಕದಲ್ಲಿ ಕಂಡ ಅಂತರ ಬರೀ 16 ಗ್ರಾಂ. ಆದರೆ ಇದನ್ನೂ ಹಿಗ್ಗಿಸಬಾರದು: ಪ್ರಯೋಗ ನಡೆದದ್ದು ಬಸುರಿನ ಉತ್ತರಾರ್ಧದಲ್ಲಿ, ಗರ್ಭಪಾತದ ಬಗ್ಗೆ ಅದು ಏನನ್ನೂ ಹೇಳಲಾರದು. ಪ್ರಮಾಣ ಏರಿದಂತೆ ಭ್ರೂಣದ ಬೆಳವಣಿಗೆ ಕುಂದುವುದನ್ನು ಬ್ರಿಟನ್ನಿನ 2008ರ ಅಧ್ಯಯನ ತೋರಿಸಿದ್ದೂ ಜೇಮ್ಸರ ಪರವಾಗಿಯೇ ಇದೆ.

ಕತಾರಿನ ಕನ್ನಡ ಮನೆಗಳಿಗೆ ಈ ಚರ್ಚೆಯನ್ನು ತಂದರೆ ತಕ್ಕಡಿ ಬೇರೆಡೆ ವಾಲುತ್ತದೆ. ಫಿಲ್ಟರ್ ಕಾಫಿಗೆ ಚಿಕೋರಿ ಬೆರೆತಷ್ಟೂ ಕೆಫೀನು ಕಡಿಮೆ. ದೋಹಾದ ಕರಕ್ (ನಮ್ಮ ‘ಕಡಕ್’ ಚಹಾದ ಅಣ್ಣತಮ್ಮನೇ) ಹಾಲು, ಏಲಕ್ಕಿ, ಕೈಬಿಚ್ಚಿ ಸುರಿದ ಸಕ್ಕರೆಯದು. ಅಲ್ಲಿ ಗರ್ಭಕಾಲದ ಮಧುಮೇಹ ಶೇ. 16.3 ಎಂದು ಬೆನರ್ ಮತ್ತು ಸಂಗಡಿಗರು 2011ರಲ್ಲಿ ವರದಿ ಮಾಡಿದ್ದರು. ಆದ್ದರಿಂದ ಅಲ್ಲಿನ ಬಸುರಿಯ ಕಪ್ಪಿನಲ್ಲಿ ಕೆಫೀನಿಗಿಂತ ಮೊದಲು ವಿಚಾರಿಸಬೇಕಾದ್ದು ಸಕ್ಕರೆಯನ್ನು ಎಂಬುದು ನನ್ನ ಊಹೆ. ಊಹೆ ಎಂಬುದನ್ನು ಒತ್ತಿ ಹೇಳುತ್ತೇನೆ: ಆ ಅಂಕಿಯ ಹಿಂದೆ ವಯಸ್ಸು, ಮೈತೂಕ, ವಂಶ ಎಲ್ಲವೂ ಇವೆ, ಅದನ್ನು ಕರಕಿನ ತಲೆಗೆ ಕಟ್ಟುವುದು ಜೇಮ್ಸರ ಬಗ್ಗೆ ನಾನು ಎತ್ತಿದ ಆಕ್ಷೇಪಕ್ಕೇ ಗುರಿಯಾಗುತ್ತದೆ.

ಊಹೆಯನ್ನು ಪರೀಕ್ಷಿಸುವವರು ಕಪ್ಪುಗಳನ್ನಷ್ಟೇ ಎಣಿಸಿದರೆ ಸಾಲದು. ಸಕ್ಕರೆಯ ಚಮಚ, ಚಿಕೋರಿಯ ಪಾಲು, ವಾರವಾರದ ವಾಕರಿಕೆ ಬೇರೆಬೇರೆಯಾಗಿ, ಅದೂ ಹೆರಿಗೆಗೆ ಮೊದಲೇ ದಾಖಲಾಗಬೇಕು.