ಶಟರಿನ ಸ್ಪ್ರಿಂಗ್ ಮುರಿದಾಗ: ನಮ್ಮೂರ ಬಾಗಿಲಿನ ಭಾರದ ಕಥೆ

1/9
ದೋಸ್ತರೇ, ಈ ವಾರ ನಮ್ಮ ಮನೆ ಮುಂದಿನ ಶಟರಿನ ಇತಿಹಾಸ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಯಾವ ಊರಿನ ಬಜಾರಿಗೆ ಹೋದರೂ ಕೆಳಗ ಶಟರ್, ಮ್ಯಾಲ ಮನಿ. ಒಬ್ಬರ ಶಟರಿನ ಹಿಂದೆ ಕಿರಾಣಿ ಅಂಗಡಿ, ಇನ್ನೊಬ್ಬರದ್ದು ಬೈಕು, ಕಾರು, ಮತ್ತೊಬ್ಬರದ್ದು ತೊಗರಿ ಚೀಲ. ದಿನಾ ಒಂದೇ ಕೈಲೆ ಎತ್ತೋ ಆ ಶಟರ್ ಒಂದು ಮುಂಜಾನೆ ಏಳೋದೇ ಇಲ್ಲ. ಹಿಂದಿನ ರಾತ್ರಿ ಮೇಲಿನ ಕವರಿನ ಒಳಗಿಂದ "ಢಬ್" ಅಂತ ಸದ್ದು ಬಂದಿರ್ತದ, ಯಾರೂ ಲಕ್ಷ್ಯ ಕೊಟ್ಟಿರೋದಿಲ್ಲ.

ಆಗಿದ್ದು ಇಷ್ಟೇ: ಒಳಗಿನ ಸ್ಪ್ರಿಂಗ್ ಮುರಿದದ. ಶಟರಿನ ತೂಕ ನಿನ್ನೆ ಎಷ್ಟಿತ್ತೋ ಇವತ್ತೂ ಅಷ್ಟೇ ಅದ. ಇಷ್ಟು ವರ್ಷ ಆ ತೂಕವನ್ನ ನಿಮ್ಮ ಕಣ್ಣಿಂದ ಮುಚ್ಚಿಟ್ಟಿದ್ದು ಸ್ಪ್ರಿಂಗ್. ಬಾಗಿಲಿನ ಭಾರ ಹಿಂಗ ಮರೆಯಾಗಿದ್ದು ಯಾವಾಗ, ಹೆಂಗ, ಅನ್ನೋದೇ ಈ ಕಥೆ. ಕೊನೆಯ ಮೂರು ಭಾಗ ಮಾತ್ರ ಬಿಡಬ್ಯಾಡ್ರಿ, ಅದರಾಗ ಕೈಕಾಲಿನ ಮಾತದ.

2/9
ಮೊದಲು ಕಲ್ಲಿನ ಕಾಲ.

ಸೇಡಂ ತಾಲ್ಲೂಕಿನ ಮಳಖೇಡ 9ನೇ ಶತಮಾನದಾಗ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಅಮೋಘವರ್ಷ ನೃಪತುಂಗನ ಊರು. ಅಲ್ಲಿಗೆ ಹೋದವರು ಕಾಗಿಣಾ ನದಿ ದಂಡೆಯ ಕೋಟೆ ನೋಡಿ ಸೆಲ್ಫಿ ತಗೊಂಡು ಬರ್ತಾರ. ಚಿತ್ತಾಪುರದ ಹತ್ತಿರ ನಾಗಾವಿಗೆ ಹೋದವರು ಅರವತ್ತು ಕಂಬದ ಗುಡಿ ನೋಡ್ತಾರ. ಮುಂದಿನ ಸಲ ಇಂಥ ಹಳೆಯ ಕಟ್ಟಡಕ್ಕೆ ಹೋದಾಗ ಬಾಗಿಲವಾಡದ ಮೂಲೆ ನೋಡ್ರಿ. ಹಳೆಯ ಕಾಲದ ಕದಕ್ಕೆ ಈಗಿನಂಥ ಕೀಲು ಇರಲಿಲ್ಲ. ಕದದ ಒಂದು ಅಂಚಿನಾಗ ಮೇಲೊಂದು, ಕೆಳಗೊಂದು ಗೂಟ. ಆ ಗೂಟ ಕೂರಲಿಕ್ಕೆ ಹೊಸ್ತಿಲಿನಾಗ ಒಂದು ಕುಳಿ, ಮೇಲಿನ ಕಲ್ಲಿನಾಗ ಒಂದು ಕುಳಿ. ಕದದ ಪೂರಾ ಭಾರ ಕೆಳಗಿನ ಕುಳಿಯ ಮ್ಯಾಲ.

ಅಂಥ ಕದವನ್ನ ಎತ್ತೋ ಕೆಲಸ ಇಲ್ಲ, ತಳ್ಳಬೇಕು ಅಷ್ಟೇ. ಭಾರ ಹೊರೋದು ಕಲ್ಲು, ಮನುಷ್ಯ ಬರೇ ತಿರುಗಿಸ್ತಾನ. ಕದ ಕಿರುಗುಟ್ಟಿದರ ಅದರ ಭಾರ ಎಷ್ಟು ಅಂತ ಮನಿಗೆಲ್ಲ ಗೊತ್ತಾಗ್ತಿತ್ತು.

3/9
ಹಂಗಾದ್ರ ಹಳೆಯ ಮನಿಗಳ ಬಾಗಿಲು ಅಷ್ಟು ಸಣ್ಣ ಯಾಕ?

ನಮ್ಮ ನೆಲದ ಕಲ್ಲೇ ಅದಕ್ಕೆ ಉತ್ತರ. ಶಹಾಬಾದ್ ಫರಸಿ ಅಂತ ದೇಶದ ತುಂಬ ಹೆಸರಾದದ್ದು ಪದರ ಪದರವಾಗಿ ಏಳೋ ಸುಣ್ಣದ ಕಲ್ಲು. ನೆಲಕ್ಕೆ, ಗೋಡೆಗೆ, ಮಾಳಿಗೆಗೆ ಎಲ್ಲಕ್ಕೂ ಅದೇ. ಕಲ್ಲಿಗೆ ಮೇಲಿಂದ ಭಾರ ಹಾಕ್ರಿ, ತಡಕೋತದ. ಎರಡು ತುದಿಗೆ ಆಸರೆ ಕೊಟ್ಟು ನಡುವೆ ಭಾರ ಹಾಕ್ರಿ, ಕೆಳಗಿನ ಮೈ ಹಿಗ್ಗಬೇಕಾಗ್ತದ, ಕಲ್ಲಿಗೆ ಹಿಗ್ಗಲಿಕ್ಕೆ ಬರೋದಿಲ್ಲ, ಸೀಳ್ತದ. ಅದಕ್ಕೇ ಬಾಗಿಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಮನಿಯಾಗ ಬಾಗಿಲಿನ ಅಗಲ ಕಲ್ಲು ಹೇಳಿದಷ್ಟೇ. ಅಂಗಡಿಗೆ ಇನ್ನೂ ಅಗಲ ಬೇಕಾದ್ರ ಕಟ್ಟಿಗೆ ತೊಲೆ, ಇಲ್ಲಾ ಕಮಾನು. ಮುಚ್ಚಲಿಕ್ಕೆ ಉದ್ದುದ್ದ ಹಲಗೆ. ಒಂದೊಂದನ್ನೇ ಗಾಡಿಯೊಳಗ ಜಾರಿಸಿ ಅಡ್ಡ ಕಬ್ಬಿಣದ ಪಟ್ಟಿ ಹಾಕಿ ಬೀಗ. ಇಲ್ಲಿ ಗಾಡಿ ಅಂದ್ರ ಹಲಗೆ ಕೂರೋ ಸಂದು. ಹಲಗೆ ಹೊತ್ತವರಿಗೆ ಬಾಗಿಲಿನ ತೂಕ ಹೆಗಲಿಗೇ ತಿಳೀತಿತ್ತು.

4/9
ಆಮೇಲೆ ರೈಲು ಬಂತು, ಅದರ ಹಿಂದೆ ಸಿಮೆಂಟ್.

1871ರಲ್ಲಿ ಮುಂಬೈ ಕಡೆಯಿಂದ ಬಂದ ಜಿಐಪಿ ರೈಲ್ವೆಯ ಹಳಿ ಶಹಾಬಾದ್, ವಾಡಿ ದಾಟಿ ರಾಯಚೂರಿನಲ್ಲಿ ಮದ್ರಾಸ್ ರೈಲ್ವೆಯನ್ನು ಕೂಡಿತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ ಮೇಲೆ ಹಾಯ್ದು ನಿಜಾಮರ ಹೈದರಾಬಾದ್ ಕಡೆಗೆ ಇನ್ನೊಂದು ಹಳಿ ಶುರುವಾಯಿತು. ವಾಡಿ ಜಂಕ್ಷನ್ ಆಗಿದ್ದು ಹಿಂಗ. ಚಿಂಚೋಳಿಗೆ ಮಾತ್ರ ರೈಲಿಲ್ಲ, ಅಲ್ಲಿಗೆ ಎಲ್ಲಾ ರಸ್ತೆ ಮೇಲೇ.

ಸುಣ್ಣದ ಕಲ್ಲು, ರೈಲು ಎರಡೂ ಇರೋ ಕಡೆ ಸಿಮೆಂಟ್ ಕಾರ್ಖಾನೆ ಬರೋದು ಸಹಜ. ಮೊದಲು ಶಹಾಬಾದ್, ಆಮೇಲೆ ವಾಡಿ. 1980ರ ದಶಕದಲ್ಲಿ ಸೇಡಂ, ಮಳಖೇಡ ಕಡೆಗೂ ಬಂತು. ಫರಸಿಯಾಗಿ ಬಾಗದ ಅದೇ ಕಲ್ಲನ್ನು ಸುಟ್ಟು, ಪುಡಿ ಮಾಡಿ, ಒಳಗೆ ಉಕ್ಕಿನ ಸಳಿ ಇಟ್ಟು ಎರಕ ಹೊಯ್ದರೆ ಆರ್‌ಸಿಸಿ ಬೀಮ್. ಕೆಳಗಿನ ಮೈಯ ಹಿಗ್ಗನ್ನು ಉಕ್ಕು ತಡಕೋತದ. ಈಗ 8 ಅಡಿ, 10 ಅಡಿ ಅಗಲದ ಬಾಗಿಲು ಯಾರಾದ್ರೂ ಬಿಡಬಹುದು.

ಅಗಲ ಬಾಗಿಲಂತೂ ಬಂತು. ಅದನ್ನ ಮುಚ್ಚೋದು ಹೆಂಗ?

5/9
ಉತ್ತರ ಸಿದ್ಧ ಇತ್ತು, ದೂರದ ಊರಿನಾಗ.

1840ರ ಹೊತ್ತಿಗೇ ಲಂಡನ್ನಿನ ಅಂಗಡಿಗಳಿಗೆ ಸುರುಳಿ ಸುತ್ತೋ ಕಬ್ಬಿಣದ ಶಟರ್ ಬಂದಿದ್ದವು. ಮೊದಮೊದಲು ಹ್ಯಾಂಡಲ್ ತಿರುಗಿಸಿ, ಗೇರ್ ಮೂಲಕ ಎತ್ತಬೇಕಿತ್ತು. ಅದೇ ಶತಮಾನದಲ್ಲಿ ಸ್ಪ್ರಿಂಗ್ ಹಾಕಿದ, ತಾನೇ ಸುತ್ತಿಕೊಳ್ಳೋ ಶಟರ್ ಬಂತು. ಅಮೆರಿಕದಾಗ ಕಾರು ಮನೆಮನೆಗೆ ಬಂದ ಮೇಲೆ, 1921ರಲ್ಲಿ ಸಿ. ಜಿ. ಜಾನ್ಸನ್ ಎಂಬಾತ ಮೇಲಕ್ಕೆ ಏಳೋ ಗ್ಯಾರೇಜ್ ಬಾಗಿಲು ಮಾಡಿದ. 1926ರಲ್ಲಿ ಅದಕ್ಕೆ ಮೋಟರನ್ನೂ ಹಾಕಿದ. ಅವರ ಗ್ಯಾರೇಜ್ ಬಾಗಿಲು, ನಮ್ಮ ಶಟರ್ ಆಕಾರದಾಗ ಬ್ಯಾರೆ, ಒಳಗಿನ ಉಪಾಯ ಒಂದೇ: ಭಾರವನ್ನ ಸ್ಪ್ರಿಂಗಿಗೆ ಹೊರಿಸೋದು. ನಮ್ಮ ದೇಶದಾಗೂ ಲೋಹದ ರೋಲಿಂಗ್ ಶಟರಿಗೆ ಐಎಸ್ 6248 ಅನ್ನೋ ಮಾನದಂಡ ಅದ, ಅದರ ಒಂದು ಆವೃತ್ತಿ 1979ರದ್ದು.

ಆ ಉಪಾಯದ ಹಿಂದಿನ ನಿಯಮ ನಿಮ್ಮ ಫಿಸಿಕ್ಸ್ ಪುಸ್ತಕದಾಗೇ ಅದ. 1676ರಲ್ಲಿ ರಾಬರ್ಟ್ ಹುಕ್ ಇದನ್ನ ಅಕ್ಷರ ಕಲಸಿ ಒಗಟಿನಂಗ ಅಚ್ಚು ಹಾಕಿಸಿದ, ಬ್ಯಾರೆಯವರು ಕದಿಯಬಾರದು ಅಂತ. 1678ರಲ್ಲಿ ತಾನೇ ಬಿಡಿಸಿ ಹೇಳಿದ: ಸ್ಪ್ರಿಂಗ್ ಎಷ್ಟು ಹಿಗ್ಗತದೋ ಅಷ್ಟೇ ಬಲ.

ಶಟರಿಗೆ ಇದು ಹೇಳಿ ಮಾಡಿಸಿದಂಗ ಅದ. ಶಟರ್ ಕೆಳಗ ಬಂದಷ್ಟೂ ಜೋತುಬಿದ್ದ ತೂಕ ಹೆಚ್ಚಾಗ್ತದ. ಸ್ಪ್ರಿಂಗ್ ಸುತ್ತಿಕೊಂಡಷ್ಟೂ ಅದರ ಬಲ ಹೆಚ್ಚಾಗ್ತದ. ಎರಡೂ ಜೋಡಿಯಾಗಿ ಏರ್ತಾವ, ಜೋಡಿಯಾಗಿ ಇಳೀತಾವ. ರಾತ್ರಿ ನೀವು ಶಟರ್ ಎಳೆದು ಕೆಳಗ ಹಾಕುವಾಗ ಮುಂಜಾನೆಯ ಕೆಲಸವನ್ನ ಮುಂಗಡ ಕಟ್ಟಿರ್ತೀರಿ. ಮುಂಜಾನೆ ಸ್ಪ್ರಿಂಗ್ ಅದನ್ನ ವಾಪಸ್ ಕೊಡ್ತದ.

6/9
ಈಗ ಲೆಕ್ಕ ಹಾಕೋಣ, ಭಾರ ಎಷ್ಟು ಅಂತ.

1 ಚದರ ಮೀಟರ್ ಅಗಲ, 1 ಮಿಲಿಮೀಟರ್ ದಪ್ಪದ ಉಕ್ಕಿನ ತಗಡು 7.85 ಕೆಜಿ ತೂಗ್ತದ. 8 ಅಡಿಗೆ 8 ಅಡಿ ಶಟರ್ ಅಂದ್ರ ಸುಮಾರು 2.4 ಮೀಟರ್‌ಗೆ 2.4 ಮೀಟರ್. ತಗಡಿನ ದಪ್ಪ 1.2 ಮಿಲಿಮೀಟರ್ ಅಂತ ಹಿಡೀರಿ. ಗುಣಿಸಿದರ 54 ಕೆಜಿ. ಪಟ್ಟಿಗಳ ಮಡಚಿದ ಅಂಚು, ಕೆಳಗಿನ ದಪ್ಪ ಪಟ್ಟಿ, ಬೀಗದ ಕೊಂಡಿ ಇದರಾಗ ಸೇರಿಲ್ಲ. ಅವೆಲ್ಲ ಸೇರಿದರ ಇನ್ನೂ ಹೆಚ್ಚು.

ನಮ್ಮ ಊರಿನಾಗ 50 ಕೆಜಿ ಅಂದ್ರ ಎಲ್ಲರಿಗೂ ಗೊತ್ತು, ಒಂದು ಸಿಮೆಂಟ್ ಚೀಲ. ಸಿಮೆಂಟ್ ಚೀಲ ತಲೆ ಮೇಲೆ ತೂಗಾಡ್ತಿದ್ರ ಅದರ ಕೆಳಗ ಯಾರೂ ನಿಲ್ಲೋದಿಲ್ಲ. ಶಟರ್ ಕೆಳಗ ದಿನಾ ನಿಂತು ಮಾತಾಡ್ತೀವಿ.

7/9
ಗಟ್ಟಿ ಉಕ್ಕು ಮುರಿಯೋದು ಯಾಕ?

ಇದಕ್ಕೂ ಉತ್ತರ ಕೊಟ್ಟಿದ್ದು ರೈಲೇ. 1842ರಲ್ಲಿ ಫ್ರಾನ್ಸಿನ ವರ್ಸೈ ಹತ್ತಿರ ಎಂಜಿನ್ನಿನ ಅಚ್ಚು ಮುರಿದು ದೊಡ್ಡ ಅಪಘಾತ ಆಯಿತು, ಹತ್ತಾರು ಜನ ಸತ್ತರು. ಮುಂದೆ ಜರ್ಮನಿಯ ರೈಲ್ವೆ ಎಂಜಿನಿಯರ್ ಆಗಸ್ಟ್ ವೂಲರ್ 1850, 60ರ ದಶಕಗಳಲ್ಲಿ ಅಚ್ಚುಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿ ತೋರಿಸಿದ: ಒಂದೇ ಸಲಕ್ಕೆ ಮುರಿಯದಷ್ಟು ಸಣ್ಣ ಭಾರವೂ ಸಾವಿರಾರು ಸಲ ಬಂದು ಹೋದರೆ ಉಕ್ಕು ದಣೀತದ. ಮೊದಲು ಕೂದಲೆಳೆ ಬಿರುಕು, ಅದು ಬೆಳೆದು ಬೆಳೆದು ಒಂದು ದಿನ ಢಬ್. ರೈಲ್ವೆಯಾಗ ಚಕ್ರಕ್ಕೆ ಸುತ್ತಿಗೆ ಬಡಿದು ಸದ್ದು ಕೇಳ್ತಿದ್ದದ್ದೂ ಇಂಥ ಬಿರುಕು ಹುಡುಕಲಿಕ್ಕೇ.

ಗ್ಯಾರೇಜ್ ಬಾಗಿಲಿನ ಸಾಮಾನ್ಯ ಸ್ಪ್ರಿಂಗಿಗೆ ತಯಾರಕರು ಹೇಳೋ ಆಯುಷ್ಯ ಸುಮಾರು 10,000 ಸುತ್ತು. ಒಂದು ಸಲ ತೆಗೆದು ಹಾಕಿದರ ಒಂದು ಸುತ್ತು. ದಿನಕ್ಕೆ 4 ಸಲ ಅಂದ್ರ ವರ್ಷಕ್ಕೆ 1,460, ಅಲ್ಲಿಗೆ ಏಳು ವರ್ಷ ತುಂಬೋದಿಲ್ಲ. ನಮ್ಮ ಶಟರಿನ ಸ್ಪ್ರಿಂಗ್ ಬ್ಯಾರೆ ತರದ್ದು, ಅಂಕಿ ಹೆಚ್ಚುಕಮ್ಮಿ ಆಗಬಹುದು, ದಣಿವು ಮಾತ್ರ ತಪ್ಪಿದ್ದಲ್ಲ. ಮ್ಯಾಲ ನಮ್ಮ ಧೂಳು. ಗೈಡ್ ಪಟ್ಟಿಯೊಳಗ ಕಲ್ಲಿನ ಪುಡಿ ತುಂಬಿ ಶಟರ್ ಬಿಗಿ ಆಗ್ತದ. ಮಳೆಗಾಲದಾಗ ತೇವ ಹಿಡಿದು ಸ್ಪ್ರಿಂಗಿಗೆ ತುಕ್ಕು, ತುಕ್ಕಿನ ಕುಳಿಯಿಂದಲೇ ಬಿರುಕು ಶುರು.

ಮುನ್ಸೂಚನೆ ಇರ್ತಾವ: ಶಟರ್ ಮೊದಲಿಗಿಂತ ಭಾರ ಅನಸ್ತದ, ಒಂದು ಕಡೆ ವಾಲ್ತದ, ಕೈ ಬಿಟ್ಟ ಕೂಡಲೇ ದಡಕ್ಕನೆ ಕೆಳಗ ಬರ್ತದ.

8/9
ಮುರಿದ ದಿನ ಏನ್ ಮಾಡಬೇಕು? ಇದನ್ನ ಸೇವ್ ಮಾಡಿ ಇಟ್ಕೊರಿ.

ಶಟರ್ ಕೆಳಗೇ ಇದ್ದರ ಕೆಳಗೇ ಇರಲಿ. ಬ್ಯಾರೆ ಬಾಗಿಲಿದ್ದರ ಅದರಿಂದ ಓಡಾಡ್ರಿ. "ನಾಲ್ಕು ಮಂದಿ ಹಚ್ಚಿ ಎತ್ತೋಣ" ಅನ್ನೋದು ನಮ್ಮ ಕಡೆ ಮೊದಲು ಬರೋ ಮಾತು. ನಾಲ್ಕು ಮಂದಿ ಎತ್ತಬಹುದು, ಎತ್ತಿದ ಮ್ಯಾಲ ಅದನ್ನ ಹಿಡಿಯೋದು ಯಾವುದು? ಒಬ್ಬರ ಕೈ ಜಾರಿದರ ಬೆರಳು, ಪಾದ ಹೋಗ್ತಾವ.

ಶಟರ್ ಮ್ಯಾಲ ಇದ್ದಾಗ ಮುರಿದಿದ್ದರ ಅದರ ಕೆಳಗ ಹಾಯಬ್ಯಾಡ್ರಿ. ಸಣ್ಣ ಹುಡುಗರನ್ನ, ಅಜ್ಜ ಅಜ್ಜಿನ್ನ ದೂರ ಇಡ್ರಿ. ಅಡ್ಡ ಒಂದು ಹಗ್ಗ ಇಲ್ಲಾ ಬೆಂಚು ಹಾಕ್ರಿ. ಒಳಗ ಬೈಕ್ ಸಿಕ್ಕೊಂಡಿದ್ರ ಒಂದು ದಿನ ಬಸ್ಸಿಗೆ ಹೋಗ್ರಿ.

ಮೋಟರ್ ಇದ್ದರ ಸ್ವಿಚ್ ಆಫ್ ಮಾಡ್ರಿ. ಸ್ಪ್ರಿಂಗ್ ಮುರಿದ ಶಟರನ್ನ ಮೋಟರಿನಿಂದ ಎಳೆಸೋದು ಬ್ಯಾಡ.

ಎಲ್ಲಕ್ಕಿಂತ ದೊಡ್ಡ ಮಾತು: ಮೇಲಿನ ಕವರ್ ಬಿಚ್ಚಿ, ಬ್ರಾಕೆಟ್ಟಿನ ನಟ್ಟಿಗೆ ಪಾನಾ ಹಾಕಬ್ಯಾಡ್ರಿ. ಸಾಮಾನ್ಯ ಶಟರಿನಾಗ ನಡುವಿನ ಪೈಪ್ ತಿರುಗದಂಗ ಬ್ರಾಕೆಟ್ಟಿಗೆ ಬಿಗಿದಿರ್ತಾರ. ಅದರ ಮ್ಯಾಲ ಸ್ಪ್ರಿಂಗ್ ಡಬ್ಬಿ ತಿರುಗ್ತದ. ಸ್ಪ್ರಿಂಗಿನ ಒಂದು ತುದಿ ಪೈಪಿಗೆ, ಇನ್ನೊಂದು ಡಬ್ಬಿಗೆ. ಒಂದು ಪೈಪಿನ ಮ್ಯಾಲ ಇಂಥ ಎರಡು, ಮೂರು ಡಬ್ಬಿ ಇರ್ತಾವ. ಮುರಿದದ್ದು ಒಂದೇ ಇರಬಹುದು. ಉಳಿದವು ಇನ್ನೂ ಸುತ್ತಿಕೊಂಡೇ ಇರ್ತಾವ, ಅದರಾಗೂ ಶಟರ್ ಮುಚ್ಚಿದ್ದಾಗ ಅವುಗಳ ಬಲ ಎಲ್ಲಕ್ಕಿಂತ ಹೆಚ್ಚು. ಆ ನಟ್ಟು ಸಡಿಲ ಆದ್ರ ಪೈಪ್ ಗರ್ರನೆ ತಿರುಗಿ ಪಾನಾ ಹಿಡಿದ ಕೈಯನ್ನೇ ಮುರೀತದ. ಯೂಟ್ಯೂಬ್ ನೋಡಿ ಕಲಿಯೋ ಕೆಲಸ ಭಾಳ ಅವ, ಇದು ಅದರಾಗ ಬರೋದಿಲ್ಲ.

9/9
ಶಟರ್ ಮಿಸ್ತ್ರಿನ್ನ ಕರೀರಿ. ಬಂದಾಗ ನಾಲ್ಕು ಮಾತು ಕೇಳ್ರಿ.

ಎಲ್ಲಾ ಸ್ಪ್ರಿಂಗ್ ಒಂದೇ ಸಲ ಬದಲಿಸೋದು ಒಳ್ಳೆದಾ? ಒಂದೇ ದಿನ ಹಾಕಿದವು ಒಂದೇ ಸಮ ದಣಿದಿರ್ತಾವ, ಒಂದು ಹೋದರ ಉಳಿದವೂ ಸಾಲಿನಾಗ ನಿಂತಂಗ. ಹೊಸ ಸ್ಪ್ರಿಂಗ್ ನಮ್ಮ ಶಟರಿನ ಅಳತೆಗೆ, ತೂಕಕ್ಕೆ ಸರಿ ಅದನಾ? ಗೈಡ್ ಸ್ವಚ್ಛ ಮಾಡ್ತೀರಾ? ಕೊನೆಗೆ ಅರ್ಧಕ್ಕೆ ನಿಲ್ಲಿಸಿ ತೋರಿಸ್ತೀರಾ? ಸರಿಯಾಗಿ ಕೂತ ಶಟರ್ ನಡುವೆ ಕೈ ಬಿಟ್ಟರ ದಡಕ್ಕನೆ ಬೀಳಬಾರದು, ಜಿಗಿದು ಮೇಲಕ್ಕೂ ಹೋಗಬಾರದು.

ಅವರು ಕೆಲಸ ಮಾಡುವಾಗ ದೂರ ನಿಂತು ನೋಡ್ರಿ. ಪೈಪನ್ನ ಎಷ್ಟು ಸುತ್ತು ತಿರುಗಿಸ್ತಾರ ಅಂತ ಎಣಿಸ್ರಿ. 300 ವರ್ಷಕ್ಕೂ ಹೆಚ್ಚು ಹಿಂದಿನ ಹುಕ್‌ನ ನಿಯಮವನ್ನ ಪುಸ್ತಕ ಇಲ್ಲದೆ, ಕೈ ಅಂದಾಜಿನ ಮ್ಯಾಲ ಕೂಡಿಸ್ತಿರ್ತಾರ. ಕೂಲಿ ಚೌಕಾಸಿ ಮಾಡೋ ಮುಂಚೆ ಅದನ್ನೂ ಲೆಕ್ಕಕ್ಕೆ ಹಿಡೀರಿ.

ಕಲ್ಲಿನ ಹೊಸ್ತಿಲು ತನ್ನ ಭಾರವನ್ನ ಎಲ್ಲರಿಗೂ ತೋರಿಸ್ತಿತ್ತು. ಹಲಗೆ ಹೆಗಲಿಗೆ ತಿಳಿಸ್ತಿತ್ತು. ಶಟರ್ ಮಾತ್ರ ಹೇಳೋದಿಲ್ಲ, ಅದರ ಪರವಾಗಿ ಹೇಳೋದು ಆ ಸಣ್ಣ ಸದ್ದು, ಆ ಸ್ವಲ್ಪ ವಾಲಿಕೆ. ಇವತ್ತು ಸಂಜೆ ಮನಿ ಶಟರ್ ಹಾಕುವಾಗ ಒಂದು ಕ್ಷಣ ಲಕ್ಷ್ಯ ಕೊಟ್ಟು ಕೇಳ್ರಿ. ಅಂಗಡಿ ಇರೋ ದೋಸ್ತಿಗೆ 8ನೇ ಭಾಗ ಕಳಸ್ರಿ.

#ನಮ್ಮೂರಇತಿಹಾಸ #ಸೇಡಂ #ಚಿತ್ತಾಪುರ #ವಾಡಿ #ಶಹಾಬಾದ್ #ಚಿಂಚೋಳಿ